ವಿಮಾನ ಕಂಪನಿಗೆ ಸರ್ಕಾರದ ದುಡ್ಡು: ಐರೋಪ್ಯ ಕಾನೂನಿನಲ್ಲಿ ತಾಳೆ ನೋಡುವುದು ಹೇಗೆ?

ನಷ್ಟದಲ್ಲಿರುವ ವಿಮಾನ ಕಂಪನಿಗೆ ಸರ್ಕಾರ ಕೋಟಿಗಟ್ಟಲೆ ಯೂರೊ ಕೊಟ್ಟಿತೆಂಬ ಸುದ್ದಿ ಐರೋಪ್ಯ ಒಕ್ಕೂಟದಿಂದ ಬಂದರೆ ಮೊತ್ತವನ್ನು ಆಮೇಲೆ ನೋಡಿ. ಮೊದಲು ಹುಡುಕಬೇಕಾದ್ದು ತಾರೀಖು ಮತ್ತು ಷರತ್ತು.

1. ಇದು ‘ನೆರವು’ ಹೌದೇ? ಒಕ್ಕೂಟದ ಒಪ್ಪಂದದ 107ನೇ ವಿಧಿ ನಾಲ್ಕು ಅಂಶ ಕೇಳುತ್ತದೆ: ಬೊಕ್ಕಸದ ಹಣ, ಆಯ್ದವರಿಗಷ್ಟೇ ಅನುಕೂಲ, ಪೈಪೋಟಿಗೆ ಧಕ್ಕೆ, ದೇಶಗಳ ನಡುವಿನ ವ್ಯಾಪಾರದ ಮೇಲೆ ಪರಿಣಾಮ. ವಿಮಾನಗಳು ಗಡಿ ದಾಟುವುದರಿಂದ ಕೊನೆಯ ಎರಡರ ಬಗ್ಗೆ ತಕರಾರು ಕಡಿಮೆ. ಜಗಳವೆಲ್ಲ ‘ಅನುಕೂಲ’ದ ಸುತ್ತ. ಇದೇ ಷರತ್ತಿಗೆ ಖಾಸಗಿಯವನೂ ದುಡ್ಡು ಹಾಕುತ್ತಿದ್ದನೇ? ಹೌದಾದರೆ ಅದು ನೆರವೇ ಅಲ್ಲ. ಲೆಕ್ಕಾಚಾರದ ಕಾಗದ ಮಾತ್ರ ಹಣ ಕೊಡುವ ಮೊದಲೇ ತಯಾರಿರಬೇಕು. 2017ರಲ್ಲಿ ಇಟಲಿ ತನ್ನ ದೇಶದ ವಿಮಾನ ಕಂಪನಿ ಅಲಿಟಾಲಿಯಾಕ್ಕೆ 60 ಕೋಟಿ, ಮತ್ತೆ 30 ಕೋಟಿ ಯೂರೊ ಸಾಲ ಕೊಟ್ಟಾಗ ಎಡವಿದ್ದು ಇಲ್ಲೇ. ಸಾಲ ಬಡ್ಡಿ ಸಮೇತ ವಾಪಸು ಬಂದೀತೇ ಎಂದು ಮುಂಚಿತವಾಗಿ ಅಳೆದೇ ಇರಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಐರೋಪ್ಯ ಆಯೋಗ (ಒಕ್ಕೂಟದ ಕಾರ್ಯಾಂಗ; ನೆರವುಗಳನ್ನು ಪರಿಶೀಲಿಸುವುದು ಇದೇ) ಪೂರ್ತಿ 90 ಕೋಟಿಯನ್ನೂ ಅಕ್ರಮವೆಂದಿತು.

2. ಅನುಮತಿ ಮೊದಲೋ, ಹಣ ಮೊದಲೋ? 108ನೇ ವಿಧಿಯಂತೆ ಆಯೋಗ ಒಪ್ಪುವವರೆಗೆ ಬಿಡಿಗಾಸೂ ಕೊಡುವಂತಿಲ್ಲ. ಪ್ರಾಥಮಿಕ ಪರಿಶೀಲನೆಗೆ 2 ತಿಂಗಳು. ಆದರೆ ಕಡತ ಪೂರ್ಣವಾದ ದಿನದಿಂದ ಲೆಕ್ಕ. ಆಯೋಗ ಹೆಚ್ಚಿನ ಮಾಹಿತಿ ಕೇಳುತ್ತಾ ಹೋದಂತೆ ಆ ದಿನವೂ ಮುಂದೆ ಸರಿಯುತ್ತದೆ.

3. ಯಾವ ಬಾಗಿಲಿನಿಂದ ಬಂತು? ಮುಳುಗುವ ಕಂಪನಿಯನ್ನು ತಾತ್ಕಾಲಿಕವಾಗಿ ಉಳಿಸುವ ಸಾಲವಾದರೆ 6 ತಿಂಗಳ ಗಡುವು. ಕಂಪನಿಯನ್ನು ಮತ್ತೆ ಕಾಲ ಮೇಲೆ ನಿಲ್ಲಿಸುವ ಪುನಾರಚನೆಯ ನೆರವಾದರೆ ದೊಡ್ಡ ಕಂಪನಿ ಸಾಮಾನ್ಯವಾಗಿ ಅರ್ಧ ವೆಚ್ಚ ತಾನೇ ಹೊಂದಿಸಬೇಕು, ಮತ್ತೆ 10 ವರ್ಷ ಕೈಚಾಚುವಂತಿಲ್ಲ. ದ್ವೀಪ, ಹಿಂದುಳಿದ ಪ್ರದೇಶಗಳ ಮಾರ್ಗಕ್ಕೆ ಸಾರ್ವಜನಿಕ ಸೇವೆಯ ಟೆಂಡರ್ ಎಂಬ ಬೇರೆಯೇ ದಾರಿ ಇದೆ. ಒಬ್ಬರಿಗೇ ಮಾರ್ಗ ಬಿಟ್ಟುಕೊಡುವುದಾದರೆ ಸಾಮಾನ್ಯವಾಗಿ 4 ವರ್ಷದ ಮಿತಿ.

4. ಬದಲಿಗೆ ಏನು ಬಿಟ್ಟುಕೊಟ್ಟಿತು? ಇಲ್ಲಿ ಸ್ಲಾಟ್ ಎಂದರೆ ಚಿನ್ನ. ದಟ್ಟಣೆಯ ನಿಲ್ದಾಣದಲ್ಲಿ ವಿಮಾನ ಇಳಿಸುವ, ಏರಿಸುವ ಹೊತ್ತದು. 2020ರಲ್ಲಿ ಜರ್ಮನಿ ಲುಫ್ತಾನ್ಸಾಗೆ 600 ಕೋಟಿ ಯೂರೊ ಬಂಡವಾಳ ಹಾಕಿದಾಗ, ಫ್ರಾಂಕ್‌ಫರ್ಟ್ ಮತ್ತು ಮ್ಯೂನಿಕ್‌ಗಳಲ್ಲಿ ದಿನಕ್ಕೆ ತಲಾ 24 ಸ್ಲಾಟ್‌ವರೆಗೆ ಪ್ರತಿಸ್ಪರ್ಧಿಗಳಿಗೆ ಬಿಡಬೇಕೆಂಬ ಷರತ್ತಿತ್ತು. ಪ್ರತಿಸ್ಪರ್ಧಿ ವಿಮಾನ ಕಂಪನಿಗಳಾದ ರಯಾನ್‌ಏರ್, ಕಾಂಡೋರ್ ದಾವೆ ಹೂಡಿದವು. 2023ರ ಮೇನಲ್ಲಿ ಒಕ್ಕೂಟದ ಜನರಲ್ ಕೋರ್ಟ್ ಆಯೋಗದ ಒಪ್ಪಿಗೆಯನ್ನೇ ರದ್ದು ಮಾಡಿತು. ಅಗತ್ಯದ ಒಂದು ಪಾಲನ್ನಾದರೂ ಮಾರುಕಟ್ಟೆಯಲ್ಲಿ ಎತ್ತಬಹುದಿತ್ತೇ ಎಂದು ಆಯೋಗ ನೋಡಿರಲಿಲ್ಲ. ಉಳಿದ ಕೆಲವು ನಿಲ್ದಾಣಗಳಲ್ಲಿ ಲುಫ್ತಾನ್ಸಾ ಹಿಡಿತವನ್ನೂ ಕಡೆಗಣಿಸಿತ್ತು. ಅಂದರೆ ಆಯೋಗದ ಮುದ್ರೆ ಬಿದ್ದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ.

5. ವಸೂಲಿ ಯಾರಿಂದ? ಅಕ್ರಮ ನೆರವು ಬಡ್ಡಿ ಸಮೇತ ವಾಪಸಾಗಬೇಕು. 2012ರ ಜನವರಿಯಲ್ಲಿ ಇಂಥ ಆದೇಶ ಬಿದ್ದ ಹಂಗೇರಿಯ ಮಾಲೆವ್, ಫೆಬ್ರುವರಿ 3ಕ್ಕೆ ಹಾರಾಟವನ್ನೇ ನಿಲ್ಲಿಸಿತು. ಹೊಸ ಹೆಸರಿನ ಕಂಪನಿ ಬಂದರೆ ವಿಮಾನ, ಸಿಬ್ಬಂದಿ, ಸ್ಲಾಟ್‌ಗಳಲ್ಲಿ ಎಷ್ಟು ಪಾಲು ಹಳೆಯದು, ಯಾವ ಬೆಲೆಗೆ ಕೊಂಡದ್ದು ಎಂದು ಎಣಿಸಿ. ಹಳೆಯದರ ಮುಂದುವರಿಕೆ ಎನಿಸಿದರೆ ವಸೂಲಿ ಹೊಸದರಿಂದಲೂ ಆಗಬಹುದು. ಅಲಿಟಾಲಿಯಾದ ಜಾಗಕ್ಕೆ ಬಂದ ಐಟಿಎ ಗಾತ್ರದಲ್ಲಿ ಬಹಳ ಚಿಕ್ಕದು. ಹಾಗಾಗಿ ಅದು ಹಳೆಯ ಕಂಪನಿಯ ಮುಂದುವರಿಕೆಯಲ್ಲ ಎಂದು ಆಯೋಗ ತೀರ್ಮಾನಿಸಿತು. ಸಾಲ ಅಲಿಟಾಲಿಯಾದ ತಲೆ ಮೇಲೇ ಉಳಿಯಿತು.