ನಂಬಿ ಒಪ್ಪಿಸುವುದನ್ನು ನಾನು ಕಲಿತ ಬಗೆ

ಮಂಗಳೂರಿನ ಒಂದು ಬೋಧನಾ ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ಹಲವು ವರ್ಷಗಳಿಂದ ನಾನು ಒಂದು ಯೂನಿಟ್ಟಿನ ಹೊಣೆ ಹೊತ್ತಿದ್ದೇನೆ. ಮಳೆ ಹಿಡಿಯಿತೆಂದರೆ ಮಲೇರಿಯ, ಡೆಂಗಿ, ಇಲಿಜ್ವರದ ರೋಗಿಗಳಿಂದ ವಾರ್ಡು ತುಂಬುತ್ತದೆ. ಆಗ ರಾತ್ರಿಯಿಡೀ ಅವರ ಬಳಿ ಇರುವವರು ಎಂ.ಡಿ. ಓದುತ್ತಿರುವ ಪಿಜಿ ವಿದ್ಯಾರ್ಥಿಗಳು ಮತ್ತು ಎಂಬಿಬಿಎಸ್ ಮುಗಿಸಿ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳು. ಬೆಳಗಿನ ರೌಂಡ್ಸಿನಲ್ಲಿ ಅವರು ಹೇಳುವ ಮಾತಿನ ಮೇಲೆಯೇ ನನ್ನ ಅರ್ಧ ತೀರ್ಮಾನಗಳು ನಿಂತಿರುತ್ತವೆ.

ಅಂಥ ಒಂದು ಜುಲೈಯಲ್ಲಿ, ಗದ್ದೆ ಕೆಲಸ ಮಾಡುವ ರೋಗಿಯೊಬ್ಬರು ಇಲಿಜ್ವರದ ಶಂಕೆಯಿಂದ ದಾಖಲಾಗಿದ್ದರು. ರಾತ್ರಿ ಮೂತ್ರ ಎಷ್ಟು ಹೋಗಿದೆ ಎಂದು ಕೇಳಿದಾಗ ಮೊದಲ ವರ್ಷದ ಪಿಜಿ ಒಂದಿಷ್ಟೂ ತಡವರಿಸದೆ, "600 ಎಂಎಲ್, ಸರ್" ಎಂದರು. ಚಾರ್ಟಿನಲ್ಲಿ ಆ ಜಾಗ ಖಾಲಿಯಿತ್ತು. ಮೂತ್ರದ ಚೀಲದಲ್ಲಿ 100 ಎಂಎಲ್ ಕೂಡ ಇರಲಿಲ್ಲ, ಸಿಸ್ಟರ್ ಅದನ್ನು ಖಾಲಿ ಮಾಡಿಯೂ ಇರಲಿಲ್ಲ. ಮೂತ್ರಪಿಂಡ ಕೈಕೊಟ್ಟಿದ್ದರಿಂದ ಆ ದಿನವೇ ಡಯಾಲಿಸಿಸ್ ಮಾಡಬೇಕಾಯಿತು. ರೋಗಿ ಚೇತರಿಸಿಕೊಂಡು ಮನೆಗೆ ಹೋದರು.

ಸಂಜೆ ಆ ವಿದ್ಯಾರ್ಥಿಯನ್ನು ಕೂರಿಸಿಕೊಂಡು, "ನೋಡಲಿಲ್ಲ ಅಂತ ಹೇಳಿದ್ರೆ ಎಂತ ಆಗ್ತಿತ್ತು?" ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಎಲ್ಲರ ಎದುರು ಬೈತಿದ್ರಿ, ಸರ್" ಎಂದರು. ಹಿಂದಿನ ವಾರ ಇನ್ನೊಬ್ಬರಿಗೆ ನಾನು ಹಾಗೆಯೇ ಬೈದಿದ್ದೆ. ಆ 600ರ ಸುಳ್ಳನ್ನು ಹೇಳಿದವರು ಅವರಾದರೂ ಅದನ್ನು ಹೇಳಿಸಿದವನು ನಾನು ಎಂಬುದು ಅಂದು ನನಗೆ ಮನವರಿಕೆಯಾಯಿತು.

ಮರುದಿನವೇ ಯೂನಿಟ್ಟಿನ ಎಲ್ಲರಿಗೂ, "ನೋಡಿಲ್ಲ, ಈಗ ನೋಡಿ ಹೇಳುತ್ತೇನೆ" ಎಂಬ ಉತ್ತರಕ್ಕೆ ಇನ್ನು ಬೈಗುಳವಿಲ್ಲ ಎಂದು ತಿಳಿಸಿದೆ. ಯಾರೂ ನಂಬಲಿಲ್ಲ. ನಂಬಬೇಕಾದರೂ ಏಕೆ? ಸುಮಾರು ಎರಡು ತಿಂಗಳ ಮೇಲೆ, ಕಾರಣ ತಿಳಿಯದ ಜ್ವರದ ರೋಗಿಯೊಬ್ಬರ ಕಂಕುಳಲ್ಲಿ ಸಣ್ಣ ಹುಳದ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಜ್ವರದ ಗುರುತಾದ ಕಪ್ಪು ಹಕ್ಕಳೆಯನ್ನು ಹೌಸ್ ಸರ್ಜನ್ ಒಬ್ಬರು ಕಂಡುಹಿಡಿದರು. ಅದೇ ರೋಗಿಯನ್ನು ನಾನು ಎರಡು ದಿನ ಪರೀಕ್ಷಿಸಿದ್ದೆ. ಅದರ ಔಷಧವಾದ ಡಾಕ್ಸಿಸೈಕ್ಲಿನ್ ಶುರುಮಾಡಿಸಿ, ನಾನು ಕೈ ಎತ್ತಿಸಿ ನೋಡಿರಲಿಲ್ಲ, ಇವರು ನೋಡಿದರು ಎಂದು ರೌಂಡ್ಸಿನಲ್ಲಿ ಎಲ್ಲರ ಎದುರು ಹೇಳಿದೆ. "ನೋಡಿಲ್ಲ, ಸರ್" ಎಂಬ ಮಾತು ವಾರ್ಡಿನಲ್ಲಿ ಕೇಳಿಬರತೊಡಗಿದ್ದು ಅದರ ನಂತರ.

ನನ್ನ ಇನ್ನೊಂದು ತಪ್ಪೆಂದರೆ, ಯಾರಿಗೆ ಯಾವ ಕೆಲಸ ಒಪ್ಪಿಸಬಹುದು ಎಂಬುದಕ್ಕೆ, ಎಂ.ಡಿ.ಯ 3 ವರ್ಷಗಳಲ್ಲಿ ಅವರದು ಎಷ್ಟನೆಯ ವರ್ಷ ಎಂಬುದನ್ನೇ ಅಳತೆಗೋಲು ಮಾಡಿಕೊಂಡದ್ದು. ನೆದರ್‌ಲೆಂಡ್ಸಿನ ವೈದ್ಯಶಿಕ್ಷಣ ತಜ್ಞ ಓಲೆ ಟೆನ್ ಕಾಟೆ 2005ರಲ್ಲಿ ಮುಂದಿಟ್ಟ ವಿಚಾರ ಈ ವಿಷಯದಲ್ಲಿ ನನಗೆ ದಾರಿ ತೋರಿಸಿತು: ಒಂದೊಂದು ಕೆಲಸವನ್ನೂ ಪ್ರತ್ಯೇಕವಾಗಿ ತೆಗೆದುಕೊಂಡು, ಅದನ್ನು ಈ ವಿದ್ಯಾರ್ಥಿಗೆ ಎಷ್ಟು ಮೇಲ್ವಿಚಾರಣೆಯಲ್ಲಿ ಒಪ್ಪಿಸಬಹುದೆಂದು ನಿರ್ಧರಿಸುವುದು. ನಿಜಕ್ಕೂ, ಪ್ಲೂರಲ್ ಟ್ಯಾಪನ್ನು (ಶ್ವಾಸಕೋಶದ ಸುತ್ತ ತುಂಬಿದ ನೀರನ್ನು ಸೂಜಿಯಿಂದ ತೆಗೆಯುವುದನ್ನು) ಅಚ್ಚುಕಟ್ಟಾಗಿ ಮಾಡುವವರು, ಉಳಿಯಲಾರದ ರೋಗಿಯ ಮನೆಯವರ ಬಳಿ, ಅದೂ ತುಳುವಿನಲ್ಲಿ ಅಥವಾ ಬ್ಯಾರಿಯಲ್ಲಿ, ಮಾತಾಡಲು ಇನ್ನೂ ಸಿದ್ಧರಾಗಿರುವುದಿಲ್ಲ. ನಾನು ಇದನ್ನು ಗ್ಲೌಸಿನ ಲೆಕ್ಕಕ್ಕೆ ಇಳಿಸಿಕೊಂಡೆ. ಮೊದಲು ಗ್ಲೌಸ್ ಹಾಕಿಕೊಂಡು ಪಕ್ಕದಲ್ಲಿ ನಿಲ್ಲುತ್ತೇನೆ. ಆಮೇಲೆ ಗ್ಲೌಸ್ ಇಲ್ಲದೆ ಅದೇ ಕೋಣೆಯಲ್ಲಿ. ಆಮೇಲೆ ಡ್ಯೂಟಿ ರೂಮಿನಲ್ಲಿ. ಕೊನೆಗೆ ಮನೆಯಲ್ಲಿ, ಫೋನ್ ಹತ್ತಿರವಿಟ್ಟುಕೊಂಡು. ಯಾವ ಕೆಲಸದಲ್ಲಿ ಯಾವ ಹಂತ ಎಂಬುದು ನಮ್ಮಿಬ್ಬರಿಗೂ ಗೊತ್ತಿರುತ್ತದೆ. ಮೇಲಿನ ಹಂತಕ್ಕೆ ಬಿಡುವ ಮುನ್ನ ನಾನು ನೋಡುವುದು ಕೈಚಳಕವನ್ನಷ್ಟೇ ಅಲ್ಲ. ತನ್ನಿಂದ ಆಗದ್ದು ಯಾವುದೆಂಬುದು ಅವರಿಗೆ ತಿಳಿದಿದೆಯೇ ಎಂಬುದನ್ನು ಹೆಚ್ಚಾಗಿ ನೋಡುತ್ತೇನೆ.

ಫೋನಿನ ವಿಷಯದಲ್ಲೂ ಸ್ಪಷ್ಟತೆ ಬೇಕಾಯಿತು. ಸಿಸ್ಟೋಲಿಕ್ ಬಿಪಿ 90ಕ್ಕಿಂತ ಇಳಿದರೆ, ಮೂತ್ರ ಗಂಟೆಗೆ 30 ಎಂಎಲ್‌ಗಿಂತ ಕಡಿಮೆಯಾದರೆ, ಡೆಂಗಿಯವರಲ್ಲಿ ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪ್ರಮಾಣ) ಏರುತ್ತ ಹೊಟ್ಟೆನೋವು ಕಾಣಿಸಿಕೊಂಡರೆ ಎಷ್ಟು ಹೊತ್ತಿಗಾದರೂ ಕರೆಯಿರಿ, ಬರೀ ಹೆದರಿಕೆಯಾದರೂ ಕರೆಯಿರಿ ಎಂದಿದ್ದೇನೆ. ರಾತ್ರಿ ಎರಡಕ್ಕೆ ಫೋನ್ ಎತ್ತಿ ನಾನು ಆಡುವ ಮೊದಲ ಮಾತಿನ ಧಾಟಿಯೇ ಮುಂದಿನ ಕರೆ ಬರುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ. ಹಾಗಾಗಿ "ಹೇಳಿ" ಎಂದಷ್ಟೇ ಅಂದು ಕೇಳಿಸಿಕೊಳ್ಳುತ್ತೇನೆ.

ಹೋದ ಮಳೆಗಾಲ, ಲಂಬರ್ ಪಂಕ್ಚರ್ (ಸೊಂಟದ ಭಾಗದಲ್ಲಿ ಬೆನ್ನಿಗೆ ಸೂಜಿ ಹಾಕಿ ಮಿದುಳು-ಬೆನ್ನುಹುರಿಯ ದ್ರವ ತೆಗೆಯುವುದು) ಮಾಡಲು ನಾನು ಪೂರ್ತಿ ಒಪ್ಪಿಸಿದ್ದ ಎರಡನೆಯ ವರ್ಷದ ಪಿಜಿಯೊಬ್ಬರು ಡ್ಯೂಟಿ ರೂಮಿನ ಬಾಗಿಲಿಗೆ ಬಂದು, "ಅಜ್ಜಿಯ ಬೆನ್ನು ತುಂಬ ಗೂನು, ಸರ್. ಇವತ್ತು ನೀವು ಗ್ಲೌಸ್ ಹಾಕಿಕೊಂಡೇ ನಿಲ್ಲಿ" ಎಂದರು. ನಾನು ಎದ್ದು ಕೈ ತೊಳೆಯಲು ಹೋದೆ.