ರಸ್ತೆಯಲ್ಲಿ ಬಿದ್ದವರಿಗೆ ‘ಅಯ್ಯೋ ಪಾಪ’ ಅಂದ ಮೇಲೆ ಏನು ಮಾಡಬೇಕು?

ನನ್ನ ಪಂಚರ್ ಅಂಗಡಿ ಇರುವುದು ಸಿರಾ ಹತ್ತಿರ, 48ನೇ ಹೆದ್ದಾರಿ ಪಕ್ಕದಲ್ಲಿ. ಬೈಕ್ ಬಿದ್ದ ಸದ್ದಾದರೆ ಸಾಕು, ಎಲ್ಲಿದ್ದರೋ ಜನ ಸೇರುತ್ತಾರೆ. ‘ಅಯ್ಯೋ ಪಾಪ’ ಅನ್ನದವರೇ ಇಲ್ಲ. ಅದರ ಹಿಂದೆಯೇ ವಿಚಾರಣೆ ಶುರು. ಕುಡಿದಿದ್ನಾ? ಹೆಲ್ಮೆಟ್ ಯಾಕೆ ಹಾಕಿಲ್ಲ? ರಾಂಗ್ ಸೈಡಲ್ಲಿ ಬಂದ್ನಾ? ಕುಡಿದಿದ್ದರೂ ರಕ್ತ ಹರಿಯುವುದು ಹರಿಯುತ್ತಲೇ ಇರುತ್ತದೆ, ಅಲ್ವಾ? ಆ ಪ್ರಶ್ನೆಗಳನ್ನು ಪೊಲೀಸರಿಗೆ ಬಿಡಿ.

ಮೊದಲು ಹಿಂದಿನಿಂದ ಬರುವ ಗಾಡಿಗಳಿಗೆ ಕೈ ಅಡ್ಡ ಹಾಕಲು ಒಬ್ಬರನ್ನು ಕಳಿಸಿ. ರಾತ್ರಿಯಾದರೆ ಮೊಬೈಲ್ ಟಾರ್ಚ್ ಆಡಿಸಲಿ. ಇನ್ನೊಬ್ಬರಿಗೆ ಬೆರಳು ತೋರಿಸಿಯೇ ಹೇಳಿ, ‘ನೀಲಿ ಶರ್ಟ್ ಅಣ್ಣ, ನೀವು 108ಕ್ಕೆ ಮಾಡಿ’. ‘ಯಾರಾದ್ರೂ ಫೋನ್ ಮಾಡ್ರೋ’ ಅಂದರೆ ಯಾರೂ ಮಾಡುವುದಿಲ್ಲ, ವಿಡಿಯೋ ಮಾಡುತ್ತಾ ನಿಂತಿರುತ್ತಾರೆ. ಕಿಲೋಮೀಟರ್ ಕಲ್ಲಿನ ನಂಬರ್ ಜೊತೆಗೆ ಬೆಂಗಳೂರು ಕಡೆಯ ರಸ್ತೆಯೋ ಹಿರಿಯೂರು ಕಡೆಯದೋ ಅದನ್ನೂ ಹೇಳಬೇಕು. ನಡುವೆ ಡಿವೈಡರ್ ಇದೆ. ಕಡೆ ತಪ್ಪಿದರೆ ಆಂಬುಲೆನ್ಸ್ ಯೂ ಟರ್ನ್ ಹುಡುಕಿಕೊಂಡು ಹೋಗುತ್ತದೆ.

ಇನ್ನು ನೀರು. ಯಾರೋ ಒಬ್ಬರು ಬಾಟಲಿ ಹಿಡಿದು ಓಡಿ ಬಂದೇ ಬರುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಎಚ್ಚರ ಇಲ್ಲದವರ ಬಾಯಿಗೆ ಬಿಟ್ಟ ನೀರು ಉಸಿರಿನ ಕೊಳವೆಗೆ ಇಳಿಯಬಹುದು. ಎಚ್ಚರ ಇದ್ದವರಿಗೂ ಬೇಡ, ಆಪರೇಷನ್ ಆಗಬೇಕಾಗಬಹುದು. ಬಾಟಲಿ ಈಸಿಕೊಂಡು ಪಕ್ಕಕ್ಕಿಡಿ, ತಂದವರನ್ನು ಬೈಯಬೇಡಿ. ಕೈಕಾಲು ಹಿಡಿದು ಆಟೋಗೆ ತುಂಬುವುದೂ ಇಂಥದ್ದೇ ಉಪಕಾರ. ಕತ್ತಿಗೋ ಬೆನ್ನುಮೂಳೆಗೋ ಪೆಟ್ಟಾಗಿದ್ದರೆ ಎತ್ತಾಡಿದಷ್ಟೂ ಕೆಡುತ್ತದೆ. ಬೆಂಕಿಯ ಭಯ, ಗಾಡಿ ಹರಿಯುವ ಭಯ ಇದ್ದರೆ ಮಾತ್ರ ಸರಿಸಿ. ರಕ್ತ ಬರುವ ಕಡೆ ಟವೆಲ್ ಮಡಚಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತಾ ಅಂತ ಎತ್ತಿ ಎತ್ತಿ ನೋಡಬೇಡಿ. (ನಮ್ಮಂಥವರ ಅಂಗಡಿಯ ಗ್ರೀಸ್ ಬಟ್ಟೆ ಮಾತ್ರ ಬೇಡ.)

‘ಆಮೇಲೆ ಕೋರ್ಟು, ಸ್ಟೇಷನ್ನು ಅಂತ ಯಾರು ಅಲೆಯೋದು’ ಅಂತ ಹಿಂದೆ ಸರಿಯುವವರೇ ಜಾಸ್ತಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನುವ ಕಲಂ ಸೇರಿದೆ. ಒಳ್ಳೇ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ. ನಿಮ್ಮ ಹೆಸರು, ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಕರೆತಂದವರೇ ದುಡ್ಡು ಕಟ್ಟಿ ಅಂತ ಆಸ್ಪತ್ರೆಯವರೂ ಕೇಳುವಂತಿಲ್ಲ.

ಮನೆಯವರಿಗೆ ಫೋನ್ ಮಾಡಿದರೆ ಯಾವ ಆಸ್ಪತ್ರೆ ಅಂತ ಹೇಳಿ, ಸಾಕು. ‘ಉಳಿಯೋದು ಕಷ್ಟ’ ಅಂತ ನೀವೇ ತೀರ್ಪು ಕೊಡಬೇಡಿ. ಅವರೂ ಇದೇ ರಸ್ತೆಯಲ್ಲಿ ಗಾಡಿ ಓಡಿಸಿಕೊಂಡು ಬರಬೇಕು.