ಎದುರಿಗೆ ಕೂತವರ ಮುಖ ತೆಗೆಯುವ ಕೆಲಸ: ಕ್ಯಾರಿಕೇಚರ್‌ನಲ್ಲಿ ನನ್ನ ಅನುಭವ

ಕ್ಯಾರಿಕೇಚರ್ ಎಂದರೆ ಮುಖದ ಒಂದೆರಡು ಲಕ್ಷಣ ಹಿಗ್ಗಿಸಿ ತೆಗೆಯುವ ನಗೆಚಿತ್ರ. ಹೊಸಬರು ಕ್ಯಾರಿಕೇಚರ್‌ಗೆ ಕೂತರೆ ಮೊದಲು ಮೂಗಿಗೆ ಕೈ ಹಾಕುತ್ತಾರೆ. ಮೂಗು ಉದ್ದವಾಗುತ್ತದೆ, ಹೋಲಿಕೆ ಮಾತ್ರ ಬರುವುದಿಲ್ಲ. ಹೋಲಿಕೆ ಕೂತಿರುವುದು ಕಣ್ಣು, ಮೂಗು, ಬಾಯಿಗಳ ನಡುವಿನ ಅಂತರದಲ್ಲಿ. ಹುಬ್ಬಳ್ಳಿ-ಧಾರವಾಡದ ಮದುವೆ, ಕಾಲೇಜು ಗ್ಯಾದರಿಂಗ್‌ಗಳಲ್ಲಿ ಎದುರಿಗೆ ಕೂರಿಸಿಕೊಂಡು ತೆಗೆಯುವುದಿರಲಿ, ಫೋಟೊ ನೋಡಿ ತೆಗೆಯುವುದಿರಲಿ, ಪತ್ರಿಕೆಯ ನಗೆಚಿತ್ರವಿರಲಿ, ನಾನು ಮೊದಲು ನೋಡುವುದು ಈ ಅಂತರವನ್ನೇ.

ಸಾಮಾನ್ಯ ಮುಖದ ಅಳತೆ ಬಾಯಿಪಾಠ ಆಗಿರಬೇಕು. ದೊಡ್ಡವರಲ್ಲಿ ಕಣ್ಣು ತಲೆಯ ಎತ್ತರದ ಅರ್ಧಕ್ಕೆ ಬರುತ್ತದೆ. ಮುಖದ ಅಗಲ ಹೆಚ್ಚುಕಡಿಮೆ ಐದು ಕಣ್ಣಿನಷ್ಟು, ಎರಡು ಕಣ್ಣಿನ ನಡುವೆ ಒಂದು ಕಣ್ಣಿನ ಜಾಗ. ಹುಬ್ಬಿನಿಂದ ಗದ್ದಕ್ಕೆ ಅರ್ಧ ದಾರಿಯಲ್ಲಿ ಮೂಗು ಮುಗಿಯುತ್ತದೆ. ಅಲ್ಲಿಂದ ಗದ್ದದ ಕಡೆಗೆ ಮೂರರಲ್ಲಿ ಒಂದು ಪಾಲು ಇಳಿದರೆ ತುಟಿ ಕೂಡುವ ಗೆರೆ. ಎದುರಿನವರು ಇದರಿಂದ ಎಲ್ಲಿ ಸರಿದಿದ್ದಾರೆ ಎಂದು ಹುಡುಕಿ, ಅಂಥ ಒಂದೆರಡನ್ನಷ್ಟೇ ಹಿಗ್ಗಿಸಬೇಕು. ಎಲ್ಲವನ್ನೂ ಹಿಗ್ಗಿಸಿದರೆ ಯಾವುದೂ ಹಿಗ್ಗಿದಂತೆ ಕಾಣುವುದಿಲ್ಲ.

ಒಂದು ಮುಖ ತೆಗೆದುಕೊಳ್ಳಿ: ಪಟಗಾ ಸುತ್ತಿದ ಹಿರಿಯರು, ಕಣ್ಣು ಹತ್ತಿರ ಹತ್ತಿರ, ಉದ್ದ ಗದ್ದ, ದಪ್ಪ ಮೀಸೆ. ಮೀಸೆ ಎದ್ದು ಕಾಣುತ್ತದೆಂದು ಅದನ್ನೇ ದೊಡ್ಡದು ಮಾಡಿದರೆ ಗದ್ದ ಅದರಡಿ ಮುಳುಗುತ್ತದೆ, ಆಗ ಮೀಸೆ ಇರುವ ಯಾರಾದರೂ ಆಗಬಹುದು. ನಾನು ಪಟಗಾವನ್ನು ಹುಬ್ಬಿನ ತನಕ ಇಳಿಸಿ ಹಣೆ ಕುಗ್ಗಿಸುತ್ತೇನೆ, ಕಣ್ಣುಗಳನ್ನು ಇನ್ನಷ್ಟು ಸಮೀಪ ತರುತ್ತೇನೆ, ಉಳಿದ ಜಾಗವನ್ನೆಲ್ಲ ಗದ್ದಕ್ಕೆ ಬಿಡುತ್ತೇನೆ. ಮೀಸೆಗೆ ಒಂದೇ ಕಪ್ಪು ಆಕಾರ ಸಾಕು, ಕೂದಲು ಕೂದಲಾಗಿ ಎಳೆಯಬಾರದು. ಚಷ್ಮಾ ಇದ್ದರೆ ಮೊದಲು ಕಣ್ಣು, ಆಮೇಲೆ ಫ್ರೇಮು. ತಿರುವುಮುರುವಾದರೆ ಕಣ್ಣು ಗಾಜಿನ ನಟ್ಟನಡುವೆ ಸಿಕ್ಕಿಕೊಂಡು ಅವರ ನೋಟವೇ ಬದಲಾಗುತ್ತದೆ. ಸಣ್ಣ ಮಕ್ಕಳ ಲೆಕ್ಕ ಬೇರೆ: ಕಣ್ಣು ಅರ್ಧಕ್ಕಿಂತ ಕೆಳಗೆ, ಮೂಗು-ಬಾಯಿ ಚಿಕ್ಕದಾಗಿ ಒತ್ತಾಗಿ. ಮಗು ಎರಡು ನಿಮಿಷಕ್ಕಿಂತ ಕೂರುವುದಿಲ್ಲ, ಆದ್ದರಿಂದ ಮುಖ ಮುಗಿಸಿ ಕಳಿಸಿಬಿಡಬೇಕು, ಅಂಗಿ-ಕೂದಲು ಆಮೇಲೆ.

ಮದುವೆಯಲ್ಲಿ ಟೇಬಲ್ ಎಲ್ಲಿ ಹಾಕುತ್ತೀರಿ ಎನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ. ಅಕ್ಕಿಕಾಳು ಬಿದ್ದ ಕೂಡಲೇ ಜನ ಊಟದ ಹಾಲ್‌ಗೆ ನುಗ್ಗುತ್ತಾರೆ, ವೇದಿಕೆ ಪಕ್ಕ ಕೂತವನ ಹತ್ತಿರ ಯಾರೂ ಬರುವುದಿಲ್ಲ. ಊಟ ಮುಗಿಸಿ ಕೈ ತೊಳೆದು ಹೊರಗೆ ಬರುವ ದಾರಿ ಸರಿಯಾದ ಜಾಗ. ವೇದಿಕೆಯ ಬಣ್ಣದ ಲೈಟು ಮುಖದ ನೆರಳನ್ನೇ ಕೆಡಿಸುತ್ತದೆ, ಬಿಳಿ ಬೆಳಕಿನ ಕ್ಲಿಪ್ ಎಲ್ಇಡಿ ಮತ್ತು ಐದು ಮೀಟರ್ ಎಕ್ಸ್‌ಟೆನ್ಶನ್ ಬೋರ್ಡ್ ನಮ್ಮದೇ ಇರಲಿ. ಬೆಳಕು ಒಂದು ಪಕ್ಕದಿಂದ ಬೀಳಬೇಕು.

ಒಬ್ಬರಿಗೆ ಆರೇಳು ನಿಮಿಷ, ಜೋಡಿಗೆ ಹತ್ತು-ಹನ್ನೊಂದು. ಗಂಟೆಗೆ ಏಳೆಂಟು ಮುಖ ಎಂದು ಮೊದಲೇ ಹೇಳಿ, ಹಣವನ್ನು ತಾಸಿನ ಲೆಕ್ಕದಲ್ಲಿ ಮಾತಾಡಬೇಕು. ತಲೆಗಿಷ್ಟು ಎಂದು ಒಪ್ಪಿಕೊಂಡರೆ ಕೊನೆಯ ಗಳಿಗೆಯಲ್ಲಿ “ಸರ, ನಮ್ಮ ಕಾಕಾಂದು ಒಂದು ಜಲ್ದಿ ತಗದ ಬಿಡ್ರಿ” ಎಂದು ಸಾಲು ಬೆಳೆಯುತ್ತದೆ, ಗೆರೆ ಸಡಿಲಾಗುತ್ತದೆ. ಸಮಯ ಮುಗಿಯಲು ಅರ್ಧ ತಾಸು ಇರುವಾಗಲೇ ಸಾಲು ನಿಲ್ಲಿಸಿ ಎಂದು ಮನೆಯವರೊಬ್ಬರಿಗೆ ಹೇಳಿಡುತ್ತೇನೆ.

ಕಾಗದ 200 ಜಿಎಸ್ಎಂನ (ಚದರ ಮೀಟರಿಗೆ 200 ಗ್ರಾಂ ತೂಗುವ, ದಪ್ಪ) ಎ4, ಮೂರು ತಾಸಿಗೆ ನಲವತ್ತು ಹಾಳೆ. ತೆಳು ಕಾಗದದಲ್ಲಿ ಆಲ್ಕೋಹಾಲ್ ಮಾರ್ಕರ್ ಹಿಂದಕ್ಕೆ ಇಳಿದು ಕೆಳಗಿನ ಹಾಳೆಯನ್ನೂ ಕೆಡಿಸುತ್ತದೆ. ಹೊಳಪು ಕಾಗದದಲ್ಲಿ ಇಂಕ್ ಬೇಗ ಒಣಗದೆ ಕೈಗೆ ಒರೆಸಿಕೊಳ್ಳುತ್ತದೆ. ಎರಡೂ ಕಡೆ ತುದಿ ಇರುವ ಮಾರ್ಕರ್‌ಗಳನ್ನು ಅಡ್ಡವಾಗಿಡಬೇಕು, ನಿಲ್ಲಿಸಿಟ್ಟರೆ ಮೇಲಿನ ತುದಿ ಒಣಗುತ್ತದೆ. ಮಳೆಗಾಲದಲ್ಲಿ ಧಾರವಾಡದ ತಂಪಿಗೆ ಕಾಗದ ತೇವ ಹೀರಿ ಗೆರೆಯ ಅಂಚು ಒಡೆಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಟ್ಟರೆ ಆ ಕಾಟವಿಲ್ಲ.

ಏನನ್ನು ನಗೆಗೆ ತರಬಾರದು ಎಂಬುದರಲ್ಲಿ ನಾನು ಕಟ್ಟುನಿಟ್ಟು. ಮೈಬಣ್ಣ, ಉಬ್ಬುಹಲ್ಲು, ಮಾಲುಗಣ್ಣು, ಮೈಯ ದಪ್ಪ ಮುಟ್ಟುವುದಿಲ್ಲ. ವಿಭೂತಿ, ನಾಮ, ಟೋಪಿ ಅವರು ಹಾಕಿಕೊಂಡು ಬಂದಿದ್ದರೆ ಇದ್ದಂತೆಯೇ ಬರೆಯುತ್ತೇನೆ, ಹಿಗ್ಗಿಸುವುದಿಲ್ಲ. ಆ ಹಾಳೆ ಅವರ ಮನೆಯ ಗೋಡೆಗೆ ಹೋಗುತ್ತದೆ, ಮಕ್ಕಳು ಮೊಮ್ಮಕ್ಕಳು ನೋಡುತ್ತಾರೆ.

ಫೋಟೊ ನೋಡಿ ತೆಗೆಯುವ ಆರ್ಡರ್‌ನಲ್ಲಿ ಕೆಡುವುದು ಬಹಳ ಸಲ ಸೆಲ್ಫಿಯಿಂದ. ಕೈಯಳತೆಯ ದೂರದಲ್ಲಿ ಮೂಗು ಲೆನ್ಸಿಗೆ ಕಿವಿಗಿಂತ ತೀರ ಹತ್ತಿರ ಇರುವುದರಿಂದ ಮೂಗು ಊದುತ್ತದೆ, ಕಿವಿ ಹಿಂದೆ ಸರಿಯುತ್ತದೆ. ನಾವು ಅದನ್ನೇ ನಂಬಿ ಹಿಗ್ಗಿಸಿದರೆ ಲೆನ್ಸಿನ ತಪ್ಪನ್ನು ಹಿಗ್ಗಿಸಿದಂತೆ. ಐದಾರು ಅಡಿ ದೂರದಿಂದ, ಬ್ಯೂಟಿ ಮೋಡ್ ತೆಗೆದು, ಬೇರೆಯವರು ಹೊಡೆದ ಮೂರು ಫೋಟೊ ಕೇಳುತ್ತೇನೆ: ನೇರ, ಸ್ವಲ್ಪ ವಾರೆ, ನಗುವಾಗಿನದು. ಅರ್ಧ ಹಣ ಮೊದಲು. ಪೆನ್ಸಿಲ್ ಹಂತದಲ್ಲಿ ಒಮ್ಮೆ ತಿದ್ದುವುದು ಉಚಿತ, ಬಣ್ಣವಾದ ಮೇಲೆ ಬೇರೆ ದರ. ಎ3 ಪ್ರಿಂಟಿಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 3508 × 4961 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು.

ಆಷಾಢ ಬಂತೆಂದರೆ ಮದುವೆ ನಿಲ್ಲುತ್ತವೆ. ಅದೇ ಹೊತ್ತಿಗೆ ದೀಪಾವಳಿ ವಿಶೇಷಾಂಕಗಳಿಗೆ ನಗೆಬರಹದ ಚಿತ್ರ ಕಳಿಸುವ ತಯಾರಿ ಹಿಡಿಯಬಹುದು. ಅಚ್ಚಾಗುವ ಗಾತ್ರಕ್ಕಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆದು, ಕುಗ್ಗಿಸಿ ನೋಡಿ ಕಳಿಸಿ. ನ್ಯೂಸ್‌ಪ್ರಿಂಟ್ ಇಂಕ್ ಕುಡಿಯುವ ಕಾಗದ, ಒತ್ತಾದ ಸಣ್ಣ ಗೆರೆಗಳು ಕೂಡಿ ಕಪ್ಪು ಕಲೆಯಾಗುತ್ತವೆ. ಸ್ಕ್ರೀನಿನ ಎಳೆ ಹಸಿರು, ಗಾಢ ನೀಲಿ ಸಿಎಂವೈಕೆಗೆ (ಅಚ್ಚಿನ ನಾಲ್ಕು ಇಂಕಿನ ಬಣ್ಣಕ್ಕೆ) ಬಂದಾಗ ಮಂಕಾಗುತ್ತವೆ. ಮಾತಿನ ಬಲೂನಿನಲ್ಲಿ ಮೊದಲು ಅಕ್ಷರ ಬರೆದು ಆಮೇಲೆ ಬಲೂನ್ ಸುತ್ತಬೇಕು. “ಸ್ತ್ರೀ”, “ರಾಷ್ಟ್ರ”ದಂಥ ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಒಂದು ಅಕ್ಷರದ ಎತ್ತರದಷ್ಟು ಜಾಗ ಬೇಕು. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದರೆ ಔಟ್‌ಲೈನ್ (ಫಾಂಟ್ ಬೇಡದ ಬರೀ ಆಕಾರ) ಆಗಿ ಬದಲಿಸಿ ಕಳಿಸಿ, ಆ ಫಾಂಟ್ ಇಲ್ಲದ ಕಡೆ ಒತ್ತು ಚದುರುತ್ತದೆ. ನಮ್ಮ ಕಡೆಯ ಓದುಗರು ಚಿತ್ರದ ಇಳಕಲ್ ಸೀರೆಯ ಸೆರಗಿನ ತೆನಿ ವಿನ್ಯಾಸವನ್ನೂ ಗಮನಿಸುತ್ತಾರೆ, ನಿಜವಾದ ಸೀರೆ ಎದುರಿಗಿಟ್ಟುಕೊಂಡು ಬರೆಯಿರಿ.

ಹಕ್ಕಿನ ಮಾತು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಹಣ ಕೊಟ್ಟು ಬರೆಸಿದ ಭಾವಚಿತ್ರಕ್ಕೆ ಬೇರೆ ಒಪ್ಪಂದವಿಲ್ಲದಿದ್ದರೆ ಮೊದಲ ಹಕ್ಕು ಬರೆಸಿದವರದೇ. ಆದ್ದರಿಂದ ಚಿತ್ರವನ್ನು ನಿಮ್ಮ ಕೆಲಸದ ಮಾದರಿಯಾಗಿ ತೋರಿಸಬೇಕಿದ್ದರೆ ಆರ್ಡರ್ ತೆಗೆದುಕೊಳ್ಳುವಾಗಲೇ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಪತ್ರಿಕೆಗೆ ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು, ಪ್ರದೇಶ ನಮೂದಿಸದಿದ್ದರೆ ಭಾರತವಿಡೀ ಎಂದು ಹಿಡಿಯುತ್ತದೆ. “ಒಂದು ಸಲದ ಪ್ರಕಟಣೆಗೆ” ಎಂದು ಬಿಲ್ಲಿನಲ್ಲೇ ಬರೆದು, ಪ್ಯಾನ್ ಸಂಖ್ಯೆ ಹಾಕಿ ಕಳಿಸುತ್ತೇನೆ. ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುವ ಹಣಕ್ಕೆ ಪ್ಯಾನ್ ಕೊಟ್ಟಿರದಿದ್ದರೆ 20% ಕಡಿತವಾಗುತ್ತದೆ.